ಬೀಗಿತ್ತಿಯ ನವಿಲು, ನಮ್ಮನೆ ಕರೆಂಟು

"ಬೀಗರು ಬಂದು ಹೋಗುವ ತನಕ ಈ ಮನೆಯಲ್ಲಿ ಒಂದೇ ಒಂದು ಕುಂದು ಕಾಣಬಾರದು. ಅಡುಗೆ ನಿನ್ನದು, ಉಳಿದಿದ್ದೆಲ್ಲ ನನ್ನದು!" ಎಂದು ಭಾನುವಾರ ಬೆಳಿಗ್ಗೆ ಪುಷ್ಪಾಳೆದುರು ಘೋಷಿಸಿದೆ. ನನ್ನ ಘೋಷಣೆಗಳ ಗತಿ ಬಲ್ಲ ನನ್ನ ಹೆಂಡತಿ, "ಮೊದ್ಲು ಅಟ್ಟದಿಂದ ನವಿಲು ಇಳಿಸ್ರಿ" ಎಂದಳು.

ನವಿಲಿನ ಕಥೆ ಇಷ್ಟು. ಹೋದ ವರ್ಷ ಆಲ್ಕೊಳದಲ್ಲಿ ಈ ಮನೆಯ ಗೃಹಪ್ರವೇಶ ಮಾಡಿದಾಗ, ನಮ್ಮ ಮಗಳು ಅಕ್ಷರಾಳ ಅತ್ತೆ ಜಯಶೀಲಾ ಭದ್ರಾವತಿಯ ಜನ್ನಾಪುರದಿಂದ ಒಂದು ಉಡುಗೊರೆ ತಂದಿದ್ದರು. ತಾವೇ ಕಸೂತಿ ಹಾಕಿ, ಚಮಕಿ ಹೊಲಿದು, ಮರದ ಕಟ್ಟು ಹಾಕಿಸಿದ ನವಿಲು. ಗಾತ್ರದಲ್ಲಿ ನಮ್ಮ ಬಾಗಿಲಿನ ತಮ್ಮ! ಕೊಟ್ಟವರಿಗೆ ಅದು ಉಡುಗೊರೆ, ತಗೊಂಡವರಿಗೆ ಅಟ್ಟದ ಸಾಮಾನು. ಹಿಂದಿನ ದಿನ ಅಕ್ಷರಾ ಫೋನ್ ಮಾಡಿದ್ದಳು. "ಅಪ್ಪಾ, ನವಿಲನ್ನ ಎಲ್ಲಿ ಹಾಕಿದಾರೆ ಅಂತ ಅತ್ತೆ ಕೇಳ್ತಾನೇ ಇದಾರೆ. ಕಣ್ಣು ನೋಯಿಸ್ಕೊಂಡು ಮಾಡಿದ್ದು ಅದು. ಗೋಡೆ ಮೇಲೆ ಕಾಣ್ದಿದ್ರೆ ನಾನು ಇಲ್ಲಿ ಹೇಗಪ್ಪಾ ಮುಖ ತೋರಿಸ್ಲಿ?"

ಮಗಳ ಮುಖದ ಪ್ರಶ್ನೆ! ನವಿಲು ಇಳಿಯಿತು, ಧೂಳು ಹಾರಿತು, ನಾನು ಸೀನಿದೆ. ಹಾಲ್‌ನಲ್ಲಿ ಇದ್ದದ್ದು ಒಂದೇ ಮೊಳೆ. ಅಲ್ಲಿ ಕ್ಯಾಲೆಂಡರ್ ತೂಗುತ್ತಾ ಮೇನ್ ಸ್ವಿಚ್ಚಿನ ಮುಚ್ಚಳವಿಲ್ಲದ ಡಬ್ಬಿಯನ್ನು ಮರೆಮಾಡುತ್ತಿತ್ತು. ಕ್ಯಾಲೆಂಡರ್ ತೆಗೆದು ನವಿಲು ಹಾಕಿದೆ. ಬೀಗರ ಮಾನವೂ ಉಳಿಯಿತು, ಡಬ್ಬಿಯ ಮಾನವೂ ಉಳಿಯಿತು ಎಂದು ಎದೆಯುಬ್ಬಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

"ಕರೆಂಟ್ ಹೋಯ್ತು ಕಣ್ರೀ! ಕಾಯಿ ಅರ್ಧ ಅರೆದಿದೆ!"

"ಬರುತ್ತೆ ಬಿಡು ಮಾರಾಯ್ತಿ, ಭಾನುವಾರ ಲೈನ್ ಕೆಲ್ಸ ಇರುತ್ತೆ" ಎಂದು ಸರ್ವಜ್ಞನಂತೆ ಹೇಳಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಪಕ್ಕದ ಮನೆ ಟಿವಿ ಅರಚುತ್ತಿದೆ, ನಮ್ಮ ಗೇಟಿನಲ್ಲಿ ಬೀಗರ ಆಟೋ ನಿಂತಿದೆ!

ಜಯಶೀಲಾ ಚಪ್ಪಲಿ ಬಿಟ್ಟವರೇ ನವಿಲಿನ ಮುಂದೆ ನಿಂತುಬಿಟ್ಟರು. ಅವರ ಮುಖ ಅರಳಿದ್ದು ನೋಡಿ ನನ್ನ ನಾಲಿಗೆಗೆ ಲಂಗುಲಗಾಮು ತಪ್ಪಿತು.

"ಗೃಹಪ್ರವೇಶದ ದಿನದಿಂದ ಇಲ್ಲೇ ಇದೆ ಬೀಗಿತ್ತಿಯವರೇ! ದಿನಾ ಬೆಳಿಗ್ಗೆ ಇದರ ಮುಖ ನೋಡ್ದೆ ನಾನು ಕಾಫಿ ಕುಡಿಯಲ್ಲ!"

ಪುಷ್ಪಾ ಕೆಮ್ಮಿದಳು. ಬೀಗರು ಹಾಲಸ್ವಾಮಿ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತ ಫ್ಯಾನನ್ನೇ ದಿಟ್ಟಿಸುತ್ತಿದ್ದರು. ಮೇನ್ ಸ್ವಿಚ್ ನೋಡಬೇಕೆಂದು ನನಗೂ ಹೊಳೆಯಿತು. ಆದರೆ ಜಯಶೀಲಾ ಸರಿಯಾಗಿ ಅದರ ಕೆಳಗೇ ಕೂತಿದ್ದಾರೆ. ಅವರ ತಲೆಯ ಮೇಲಿಂದ ಅವರದೇ ನವಿಲನ್ನು ಕೀಳುವುದೇ? ಹೊರಗೆ ಹೋಗಿ ಮೀಟರಿಗೆ ತಟ್ಟಿದೆ, ಕಂಬಕ್ಕೆ ಕೈಮುಗಿದೆ. ಕೊನೆಗೆ ಸರ್ಕಲ್ಲಿನ ಎಲೆಕ್ಟ್ರಿಷಿಯನ್ ಲೋಹಿತನಿಗೆ ಫೋನ್ ಮಾಡಿದೆ.

ಅವನನ್ನು ಗೇಟಿನಲ್ಲೇ ತಡೆದು, "ಹೊರಗಡೆ ಎಲ್ಲಾ ನೋಡಪ್ಪ, ಒಳಗಿನ ಡಬ್ಬಿ ಮಾತ್ರ ಮುಟ್ಬೇಡ" ಎಂದು ಪಿಸುಗುಟ್ಟಿದೆ.

"ಹಲ್ಲು ನೋವು ಅಂತ ಬಂದು ಬಾಯಿ ಬಿಡಲ್ಲ ಅಂದ್ರೆ ಹೇಗೆ ಸಾರ್?" ಎನ್ನುತ್ತಾ ಅವನು ಒಳಗೇ ನಡೆದ.

ಜಯಶೀಲಾ ಎದ್ದು ಜಾಗ ಬಿಟ್ಟರು. ಲೋಹಿತ್ ನವಿಲನ್ನು ಎತ್ತಿ ಸೋಫಾಕ್ಕೆ ಒರಗಿಸಿ, ಸ್ವಿಚ್ ಮೇಲಕ್ಕೆ ತಳ್ಳಿದ. ಫ್ಯಾನ್ ತಿರುಗಿತು. ಆಫ್ ಮಾಡದೆ ಬಿಟ್ಟಿದ್ದ ಮಿಕ್ಸಿ ಒಳಗಿನಿಂದ ಜಯಘೋಷ ಮಾಡಿತು! ನಾನು ನಿಟ್ಟುಸಿರು ಬಿಟ್ಟು, "ನವಿಲು ವಾಪಸ್ ಹಾಕ್ಬಿಡು" ಎಂದೆ. ಹಾಕಿದ. ಟಕ್! ಫ್ಯಾನ್ ನಿಂತಿತು. ತೆಗೆದು ಸ್ವಿಚ್ ಏರಿಸಿದ, ತಿರುಗಿತು. ಮತ್ತೆ ಹಾಕಿದ, ನಿಂತಿತು.

"ಇದರ ಹಿಂದಿನ ಪಟ್ಟಿ ಸ್ವಿಚ್ಚನ್ನ ಕೆಳಗೆ ಒತ್ತುತ್ತೆ, ಅಷ್ಟೇ. ಎಷ್ಟು ದಿನ ಆಯ್ತು ಇದನ್ನ ಹಾಕಿ?"

ನಾನು ಬಾಯಿ ತೆರೆಯುವ ಮೊದಲೇ ಜಯಶೀಲಾ ಹೆಮ್ಮೆಯಿಂದ, "ಒಂದ್ ವರ್ಷ ಆಯ್ತಪ್ಪ!" ಎಂದರು.

ಲೋಹಿತ್ ನನ್ನನ್ನು ಕನಿಕರದಿಂದ ನೋಡಿದ. "ಪಾಪ, ಒಂದ್ ವರ್ಷದಿಂದ ಕತ್ತಲಲ್ಲೇ ಇದ್ರಾ ಸಾರ್?"

ಜಯಶೀಲಾ ಕೈ ಚಾಚಿ ನವಿಲಿನ ರೆಕ್ಕೆಯ ಹತ್ತಿರ ಸಡಿಲವಾಗಿದ್ದ ಒಂದು ಚಮಕಿಯನ್ನು ಬೆರಳಿನಿಂದ ಒತ್ತಿ ಕೂರಿಸಿದರು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಒಬ್ಬ ಹೆಂಗಸು ಕಣ್ಣು ನೋಯಿಸಿಕೊಂಡು ಹೊಲಿದದ್ದು ನಮ್ಮ ಅಟ್ಟದಲ್ಲಿ ಹಳೇ ಹಾಸಿಗೆಯ ಪಕ್ಕ ಒರಗಿತ್ತಲ್ಲ! ಗೋಡೆಯಲ್ಲಿ ಜಾಗವಿರಲಿಲ್ಲ ಎನ್ನುವುದು ನೆಪ. ಇನ್ನೊಂದು ಮೊಳೆ ಹೊಡೆಯಲು ನನಗೆ ಸೋಮಾರಿತನ.

"ತಪ್ಪಾಯ್ತು ಬೀಗಿತ್ತಿಯವರೇ. ಇವತ್ತು ಬೆಳಿಗ್ಗೆ ಹಾಕಿದ್ದು. ನೀವು ಬೇಜಾರ್ ಮಾಡ್ಕೊಂಡು ಅಕ್ಷರಾ ಮೇಲೆ..." ಎಂದು ತೊದಲಿದೆ.

ಅವರು ಹಾಲಸ್ವಾಮಿಯವರ ಮುಖ ನೋಡಿದರು. ಇಬ್ಬರೂ ಇದ್ದಕ್ಕಿದ್ದಂತೆ ನಗತೊಡಗಿದರು. ಹಾಲಸ್ವಾಮಿಯವರಿಗಂತೂ ಕಣ್ಣಲ್ಲಿ ನೀರೇ ಬಂತು.

"ಹೋಗ್ಲಿ ಬಿಡಿ ಬೀಗ್ರೇ" ಎಂದರು ಜಯಶೀಲಾ. "ಮದುವೇಲಿ ನೀವು ಕೊಟ್ರಲ್ಲ, ಗಂಟೆಗೊಂದ್ಸಲ ಹಕ್ಕಿ ಕೂಗೋ ಗಡಿಯಾರ..."

ನನ್ನ ಎದೆ ಮತ್ತೆ ಉಬ್ಬಿತು. ಜನ್ನಾಪುರಕ್ಕೆ ಹೋದಾಗಲೆಲ್ಲ ಅದು ಕೂಗುವುದನ್ನು ಕೇಳಿ ಪುಷ್ಪಾಳ ಕಡೆ ಹೆಮ್ಮೆಯಿಂದ ನೋಡುವವನು ನಾನು.

"ಇನ್ಮೇಲೆ ನಮ್ಮನೆಗೆ ಬರೋ ಮುಂಚೆ ಒಂದ್ ಫೋನ್ ಮಾಡ್ಬಿಡಿ. ಹೋದ್ಸಲ ನೀವು ಹೇಳ್ದೆ ಬಂದಾಗ ನಮ್ಮೆಜಮಾನ್ರು ಹಿಂಬಾಗ್ಲಿಂದ ಓಡ್ಹೋಗಿ ಅದಕ್ಕೆ ಸೆಲ್ ತರ್ಬೇಕಾಯ್ತು!"