ನಾಯಿಯ ಔಷಧಿಯಲ್ಲಿ ಬೆಕ್ಕಿನ ಪಾಲು

ಎರಡೂವರೆ ಸಾವಿರ ರೂಪಾಯಿ ಹೋಯಿತು. ಯಾಕೆ ಹೋಯಿತೆಂದರೆ, ನಾನು ತೊಂಬತ್ತು ರೂಪಾಯಿ ಉಳಿಸಲು ಹೋಗಿದ್ದೆ. ಇಂಥದ್ದನ್ನು ಹೊರಗೆ ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ. ರಾಯಚೂರಿನಿಂದ ಒಂದು ಟ್ರಂಕು ಹಿಡಿದು ಹೈದರಾಬಾದಿಗೆ ಬಂದು, ಪರದೆ ಬಟ್ಟೆಯ ಅಂಗಡಿ ಇಟ್ಟು ಗೆದ್ದವನು ನಾನು. ಊರಲ್ಲಿ ಗಾಜಿನ ಆಫೀಸುಗಳು ಏಳತೊಡಗಿದ ಮೇಲೆ ನಮ್ಮ ಮಿಯಾಪುರದ ತನಕ ಫ್ಲ್ಯಾಟುಗಳೂ ಎದ್ದವು. ಫ್ಲ್ಯಾಟಿಗೆ ಕಿಟಕಿ ಇರುತ್ತದೆ, ಕಿಟಕಿಗೆ ಪರದೆ ಬೇಕಾಗುತ್ತದೆ, ದೇವರು ದೊಡ್ಡವನು. ಕಂಪ್ಯೂಟರ್ ಮಂದಿ ನಾನು ಹೇಳಿದ ಬೆಲೆಯನ್ನು ಹೇಳಿದ ಹಾಗೆಯೇ ಕೊಟ್ಟುಬಿಡುತ್ತಾರೆ. ಅವರನ್ನು ಕಂಡರೆ ನನಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಕನಿಕರವೂ ಆಗುತ್ತದೆ. ನಾನಾದರೋ ಕೊತ್ತಂಬರಿ ಕೊಂಡು ಕರಿಬೇವು ಪುಕ್ಕಟೆ ಹಾಕಿಸಿಕೊಳ್ಳದೆ ಮನೆಗೆ ಬಂದವನೇ ಅಲ್ಲ.

ನಮ್ಮ ಮನೆಯಲ್ಲಿ ಒಂದು ಬೆಕ್ಕಿದೆ. ಮಖಮಲ್ಲಿನ ತುಂಡಿನ ಮೇಲಲ್ಲದೆ ಬೇರೆಲ್ಲೂ ಮಲಗುವುದಿಲ್ಲವಾದ್ದರಿಂದ ಅದಕ್ಕೆ ಬೇಗಂ ಎಂದು ಹೆಸರು. ನನ್ನ ಹೆಂಡತಿ ಸುಮಿತ್ರಾಳಿಗೆ ಅದರ ಮೇಲೆ ಪ್ರಾಣ. ತೆಲುಗು, ಹಿಂದಿ ಮಾತಾಡುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನವಿಡೀ ಅವಳ ಕನ್ನಡ ಕೇಳುವ ಜೀವ ಅದೊಂದೇ. ನಾನು ಅಂಗಡಿಯಲ್ಲಿರುತ್ತೇನೆ, ಮನೆಯಲ್ಲಿದ್ದರೆ ನಾನೇ ಮಾತಾಡುತ್ತೇನೆ. ಈ ಬೇಗಂಗೆ ಚಿಗಟ ಹತ್ತಿತು. ಅದೇ ಹೊತ್ತಿಗೆ ಪಕ್ಕದ ಮನೆಯ ರಾವ್ ಗಾರು ತಮ್ಮ ನಾಯಿಗೆ ಹತ್ತಿದ ಉಣ್ಣಿಗೆ ಔಷಧಿ ತರಬೇಕೆಂದರು. ಎರಡು ಬಾಟಲಿ ಯಾಕೆ, ಒಂದೇ ತಂದು ಪಾಲು ಮಾಡೋಣ, ತಲೆಗೆ ತೊಂಬತ್ತು ರೂಪಾಯಿ ಉಳಿಯುತ್ತದೆ ಎಂದೆ ನಾನು. ಔಷಧಿ ಅಂಗಡಿಯವನು, ಇದು ನಾಯಿಯದ್ದು, ಬೆಕ್ಕಿಗೆ ಆಗುತ್ತದೋ ಇಲ್ಲವೋ ಎಂದು ಅನುಮಾನಿಸಿದ. ನಾಯಿಗೂ ನಾಲ್ಕು ಕಾಲು, ಬೆಕ್ಕಿಗೂ ನಾಲ್ಕು ಕಾಲು, ತಾನು ಯಾರ ಮೈಮೇಲಿದ್ದೇನೆಂದು ಚಿಗಟಕ್ಕೇನು ಗೊತ್ತು ಎಂದು ನಾನೇ ತಿಳಿಹೇಳಿದೆ. ಕಾಲು ಗಂಟೆ ಚೌಕಾಸಿ ಮಾಡಿಸಿಕೊಂಡು ಸೋತಿದ್ದ ಅವನು “ಚಲ್ತಾ ಸಾಬ್,” ನಡೆಯುತ್ತದೆ ಅಂದುಬಿಟ್ಟ. ಆ ಮಾತಿನ ಬೆಲೆ ನನಗೆ ತಿಳಿಯಬೇಕಿತ್ತು. ಬಣ್ಣ ಬಿಡುವ ಬಟ್ಟೆ ತೋರಿಸಿ, ಒಗೆದರೂ ನಡೆಯುತ್ತದೆಂದು ನಾನೂ ಎಷ್ಟೋ ಮಂದಿಗೆ ಹೇಳಿದ್ದೇನೆ.

ಭಾನುವಾರ ಬೆಳಿಗ್ಗೆ ರಾವ್ ಗಾರು ತಮ್ಮ ಪಾಲು ಬಗ್ಗಿಸಿಕೊಂಡ ಮೇಲೆ ಬಾಟಲಿಯಲ್ಲಿ ಉಳಿದದ್ದನ್ನು ಒಂದು ಹನಿಯೂ ಬಿಡದೆ ಬೇಗಂ ಬೆನ್ನಿಗೆ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು. ಕೆಳಗಿನ ಮನೆಯಲ್ಲಿ ಮೀನು ಹುರಿಯುತ್ತಿದ್ದಾರೆ, ಅದಕ್ಕೇ ಎಂದೆ. ಕಿವಿ ಪಟಪಟನೆ ಅದುರಿತು. ನೊಣ ಕೂತಿರಬೇಕು ಎಂದೆ. ಎದ್ದು ನಡೆದರೆ ಓಲಾಡಿತು.

“ಇದು ನಡಿಯೋದು ನೋಡ್ರಿ, ಹಿಂದಿನ ಕಾಲು ಮಾತು ಕೇಳವಲ್ಲವು,” ಎಂದಳು ಸುಮಿತ್ರಾ.

“ನಿದ್ದಿಗಣ್ಣಾಗ ಐತಿ, ಬಿಡ,” ಎಂದೆ.

ಅವಳು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಘಾಟು ನನಗೊಬ್ಬನಿಗೇ ಹತ್ತಿತು. ಅಷ್ಟರಲ್ಲಿ ಬೇಗಂ ಅಡ್ಡ ಬಿದ್ದು ಮೈಯೆಲ್ಲ ನಡುಗತೊಡಗಿತು. ಕಣ್ಣಿನ ಕರಿಗುಡ್ಡೆ ಅಗಲವಾಗಿ ನಿಂತಿತ್ತು. ಸುಮಿತ್ರಾ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ನಾನು ಹಿಂದೆ ಓಡಿದೆ. ಆಟೋದವನ ಜೊತೆ ಬಾಡಿಗೆ ಮಾತಾಡದೆ ಹತ್ತಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಪಶುವೈದ್ಯೆ ಬೀದರ್ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ನನ್ನ ಮನಸ್ಸು ಫೀಸಿನ ರಿಯಾಯಿತಿಯ ಕಡೆ ಹೊರಳಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಏನು ತಿಂದಿದೆ, ಏನು ಹಚ್ಚಿದ್ದೀರಿ ಎಂದು ಅವರು ಕೇಳಿದರು. ಅಪಾರ್ಟ್‌ಮೆಂಟಿಗೆಲ್ಲ ಬುದ್ಧಿ ಹೇಳುವವನು ನಾನು. ಹೇಗೆ ಬಾಯಿ ಬಿಡಲಿ? ಹಚ್ಚಿದ್ದೇನೂ ಇಲ್ಲ, ಯಾರದೋ ಮನೆಯ ಕಸದಲ್ಲಿ ಬಾಯಿ ಹಾಕಿರಬೇಕು ಎಂದೆ. ಅವರು ಅದರ ಹೊಟ್ಟೆ ಒತ್ತಿ, ಬಾಯಿ ಬಿಡಿಸಿ ನೋಡತೊಡಗಿದರು. ನಡುಕ ಹೆಚ್ಚುತ್ತಲೇ ಇತ್ತು. ಆಗ ಸುಮಿತ್ರಾ ಸೆರಗಿನ ಮರೆಯಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

“ಮುಂಜಾನೆ ಇದನ್ನ ಹಚ್ಯಾರ್ರಿ. ಅವರಿಗೆ ಮರ್ಯಾದಿ ಬೇಕು, ನನಗ ಬೆಕ್ಕು ಬೇಕು.”

ವೈದ್ಯೆ ಬಾಟಲಿಯ ಸಣ್ಣಕ್ಷರ ಓದಿ ನನ್ನನ್ನು ನೋಡಿದರು. “ನಾಯಿಗಿ ಔಷಧ, ಬೆಕ್ಕಿಗಿ ವಿಷ ಇದು. ಮೊದಲೇ ಹೇಳಿದ್ರ ನಾ ಹೊಟ್ಟಿ ಯಾಕ ನೋಡ್ತಿದ್ದೆ?” ಎಂದವರೇ ನಡುಕ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಉಗುರುಬೆಚ್ಚಗೆ ಮಾಡಿ ಅದರ ಮೈ ತೊಳೆದರು. ಎರಡು ದಿನ ಅಲ್ಲೇ ಇರಿಸಿಕೊಂಡರು; ಬಿಲ್ಲು ಎರಡೂವರೆ ಸಾವಿರ. ಮೂರನೆಯ ದಿನ ಬೇಗಂ ಮೊಸರನ್ನ ನೆಕ್ಕಿತಂತೆ. ಸುಮಿತ್ರಾ ಅದನ್ನು ಫೋನಿನಲ್ಲಿ ತನ್ನ ತಂಗಿಗೆ ಹೇಳುತ್ತಿದ್ದಾಗ ಕೇಳಿ ನಾನು ತಿಳಿದುಕೊಂಡೆ. ನನ್ನೊಡನೆ ಅವಳಿನ್ನೂ ಮಾತು ಬಿಟ್ಟಿದ್ದಳು.

ಆದ್ದರಿಂದ ಕೇಳಿ, ಪುಕ್ಕಟೆ ಹೇಳುತ್ತಿದ್ದೇನೆ. ಸಾಕಿದ ಪ್ರಾಣಿ ಜೊಲ್ಲು ಸುರಿಸಿದರೆ, ಓಲಾಡಿದರೆ, ಅದುರಿದರೆ, ಮೇಲಿಂದ ಮೇಲೆ ವಾಂತಿ ಮಾಡಿಕೊಂಡರೆ, ಮೂಲೆ ಹಿಡಿದು ಮಂಕಾಗಿ ಕೂತರೆ ಕಾರಣ ಕಲ್ಪಿಸುತ್ತ ಕೂರಬೇಡಿ. ಹಾಲು ಕುಡಿಸುವುದು, ಉಪ್ಪುನೀರು ಹಾಕಿ ಕಕ್ಕಿಸುವುದು ಯಾವುದೂ ಬೇಡ. ತಕ್ಷಣ ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ಕೇಳಿ. ಹೊರಡುವಾಗ ತಿಂದದ್ದರ ಪೊಟ್ಟಣವೋ ಹಚ್ಚಿದ್ದರ ಬಾಟಲಿಯೋ ಕೈಯಲ್ಲಿರಲಿ. ಮತ್ತೆ, ನೀವೂ ನನ್ನಂತೆ ಜಾಣರಾಗಿದ್ದರೆ, ಹೆಂಡತಿಯನ್ನು ಕರೆದುಕೊಂಡೇ ಹೋಗಿ. ಡಾಕ್ಟರ ಮುಂದೆ ನಿಜ ಹೇಳಲು ಮನೆಯಿಂದ ಒಬ್ಬರಾದರೂ ಇರಬೇಕು.