ಕೊಟ್ಟು ಕೂರುವ ವ್ಯಾಪಾರಿ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಸೊರಬದ ಪೇಟೆ. ಹಾಜರಿದ್ದವರು: ನಾನು, ನನ್ನ ಮೈದುನ ಮತ್ತು ಒಂದು ಗೋಣಿಚೀಲದ ತುಂಬ ಬಿದಿರಿನ ಕೊಳಲುಗಳು. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು ನಾನು. ಯಾರಿದ್ದಾರೆ, ಏನಿದೆ ಎಂದು ಮೊದಲು ನೋಡಿಕೊಳ್ಳದೆ ಇವತ್ತಿಗೂ ನನಗೆ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ.

ತನ್ನ ಗಿರಾಕಿಗಳನ್ನು ತಾನೇ ಓಡಿಸಲಿಕ್ಕೆ ಬಸ್ ಚಾರ್ಜು ಕೊಟ್ಟು ಹೋಗುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬನಿದ್ದಾನೆ!

ಮೈದುನ ವಾಟೆ ಬಿದಿರು ತಂದು, ನೆರಳಲ್ಲಿ ಒಣಗಿಸಿ, ಕಾದ ಸಲಾಕೆಯಿಂದ ತೂತು ಕೊರೆದು ಕೊಳಲು ಮಾಡುತ್ತಾನೆ. ಸೊರಬದ ಒಂದು ಅಂಗಡಿಗೆ, ಶಿಕಾರಿಪುರದ ಒಂದು ಅಂಗಡಿಗೆ ಸಗಟಾಗಿ ಕೊಡುತ್ತಾನೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಕೊಟ್ಟವನು ಎದ್ದು ಬರುವುದಿಲ್ಲ! ಅಲ್ಲೇ ಕೂತು, ಬಂದ ಗಿರಾಕಿಯ ಕೈ ಹಿಡಿದು ಬೆರಳು ನೋಡುತ್ತಾನೆ. ರೋಗಿಯ ನಾಡಿಯನ್ನು ನಾನೂ ಅಷ್ಟು ಹೊತ್ತು ಹಿಡಿದವಳಲ್ಲ. ಕೊನೆಗೆ, "ಬೆರಳು ಗಿಡ್ಡ. ನಿಮಗಿದು ಬ್ಯಾಡ, ತಬಲಾ ಕಲೀರಿ" ಎನ್ನುತ್ತಾನೆ. ತಬಲಾ ಅವನೂ ಮಾಡುವುದಿಲ್ಲ, ಅಂಗಡಿಯವರೂ ಇಟ್ಟಿಲ್ಲ!

ಒಮ್ಮೆ ಶಿಕಾರಿಪುರದ ಅಂಗಡಿಗೆ ಹೊಸ ಮನೆ ಕಟ್ಟಿಸಿದ ಗಂಡ ಹೆಂಡತಿ ಬಂದು ಜೋಡಿ ಕೊಳಲು ಕೇಳಿದರಂತೆ.

"ಯಾರು ಊದೋರು?"

"ಯಾರೂ ಇಲ್ಲ ರೀ, ಹಾಲ್‌ನಾಗೆ ಗೋಡೆಗೆ ಹಾಕಾಕೆ."

"ಹಂಗಾದ್ರೆ ಗೋಡೇನೇ ಕರ್ಕೊಂಡು ಬರ್ರಿ, ಬೆರಳು ನೋಡ್ತೀನಿ."

ಅವರು ಎದುರಿನ ಅಂಗಡಿಯಲ್ಲಿ ಗಡಿಯಾರ ಕೊಂಡು ಮನೆಗೆ ಹೋದರು.

ಆ ಅಂಗಡಿಯವರು ನನಗೆ ಫೋನ್ ಮಾಡಿದರು. "ನೋಡ್ರಿ ನರ್ಸಮ್ಮಾರೆ, ಇದೇ ಕಡೀ ಸಲ. ಇನ್ನೊಬ್ಬ ಗಿರಾಕೀನ ಓಡಿಸಿದ್ರೆ ಇರೋ ಮಾಲೆಲ್ಲಾ ವಾಪಸ್ ಒಯ್ರಿ." ನಗುವ ಮಾತಾಗಿರಲಿಲ್ಲ ಅದು. ಅವನ ಕೊಳಲುಗಳಲ್ಲಿ ಹೆಚ್ಚಿನ ಪಾಲು ಹೋಗುವುದು ಅದೇ ಅಂಗಡಿಗೆ. ಅದು ತಪ್ಪಿದರೆ ಸಲಾಕೆ ಅಟ್ಟ ಸೇರಬೇಕು. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಬರುವುದು ಬೇಕಾಗಿಯೂ ಇಲ್ಲ. ಆದ್ದರಿಂದ ಈ ಗುರುವಾರ ಕಾವಲಿಗೆ ನಾನೇ ಹೊರಟೆ.

ಸೊರಬದ ಅಂಗಡಿಯವರು ಪ್ರತಿ ಕೊಳಲಿಗೂ ಪ್ಲಾಸ್ಟಿಕ್ ಕವರ್ ತೊಡಿಸಿ ನೇತುಹಾಕಿದ್ದರು. ಇವನು ಹೋದವನೇ ಒಂದೊಂದಾಗಿ ಬಿಚ್ಚತೊಡಗಿದ.

"ಎಂತ ಮಾಡ್ತಿದೀರಿ ಮಾರಾಯ್ರೇ?"

"ಉಸಿರು ಕಟ್ತದೆ."

"ಯಾರಿಗೆ?"

"ನಿಮಗೆ ಹಾಕಿದ್ರೆ ಗೊತ್ತಾಗ್ತಿತ್ತು."

ಅವರು ನನ್ನತ್ತ ತಿರುಗಿದರು. "ಅಮ್ಮಾ, ಸಗಟು ವ್ಯಾಪಾರ ಅಂದ್ರೆ ಕೊಟ್ಟು ಹೋಗೋದು. ಇವರು ಕೊಟ್ಟು ಕೂರ್ತಾರೆ!"

ಇನ್ನೊಂದು ಕವರ್ ಹರಿಯುವ ಮೊದಲು ರಟ್ಟೆ ಹಿಡಿದು ಶಿಕಾರಿಪುರದ ಬಸ್ ಹತ್ತಿಸಿದೆ. ದಾರಿಯುದ್ದಕ್ಕೂ ಪಾಠ ಹೇಳಿದೆ: "ಅಲ್ಲಿ ನೀನು ಬಾಯಿ ಬಿಡಬಾರದು."

"ಕೆಮ್ಮು ಬಂದ್ರೆ, ಅತ್ತಿಗೆ?"

"ನುಂಗು!"

ಶಿಕಾರಿಪುರದಲ್ಲಿ ಮಾಲು ಒಪ್ಪಿಸಿ, ಅವನು ಸ್ಟೂಲಿನ ಮೇಲೆ, ನಾನು ಅವನ ಪಕ್ಕದಲ್ಲಿ ಕೂತೆವು. ಅಷ್ಟರಲ್ಲಿ ಅಂಗಡಿಯ ಮುಂದೆ ಟ್ರ್ಯಾಕ್ಟರೊಂದು ನಿಂತಿತು. ಬಾಗಿಲು ತುಂಬುವಂಥ ಆಳು ಇಳಿದು ಬಂದ. "ಒಂದು ಕೊಳಲು ಕೊಡ್ರಿ. ನನಗೇ. ಮೊಬೈಲ್ ನೋಡಿ ಕಲೀತೀನಿ" ಎಂದು ಕೈ ಚಾಚಿದ. ಒಂದೊಂದು ಬೆರಳೂ ಒಂದೊಂದು ಬಾಳೆಹಣ್ಣು!

ಮೈದುನನ ತುಟಿ ಅದುರಿತು. ಅಂಗಡಿಯವರು ನನ್ನನ್ನು ನೋಡಿದರು. ನಾನು ಮೈದುನನನ್ನು ನೋಡಿದೆ, ವಾರ್ಡಿನಲ್ಲಿ ಬೀಡಿ ಹಚ್ಚಿದವರನ್ನು ನೋಡುತ್ತಿದ್ದಂತೆ. ಅವನು ನುಂಗಿಕೊಂಡ. ವ್ಯಾಪಾರ ಮುಗಿಯಿತು, ಗಿರಾಕಿ ಹೊರಗೆ ಹೋದ. ಉಸ್ಸೆಂದೆ.

ಮೈದುನ ಎದ್ದು ಅವನ ಹಿಂದೆಯೇ ಹೊರಟ! ಕೊಳಲು ಕಸಿದುಕೊಳ್ಳಲಿಕ್ಕೇ ಎಂದು ನಾನೂ ಅಂಗಡಿಯವರೂ ಹಿಂದೆ ಓಡಿದೆವು. ನೋಡಿದರೆ, ಅವನು ಕಂಬದ ಮರೆಯಲ್ಲಿ ಸುಮ್ಮನೆ ನಿಂತಿದ್ದ. ಗಿರಾಕಿ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತು ಕೊಳಲು ಊದುತ್ತಿದ್ದ. ಬರುತ್ತಿದ್ದುದು ಬರೀ ಗಾಳಿ.

"ನಡಿ, ಬಸ್ಸಿಗೆ ಹೊತ್ತಾಯ್ತು" ಎಂದೆ.

"ತಡೀರಿ ಅತ್ತಿಗೆ. ನಾನು ಊದಿದ್ರೆ ಹೆಂಗಿರ್ತದೆ ಅಂತ ನನಗೆ ಗೊತ್ತು. ಬೇರೆಯವರು ಊದಿದ್ದು ಎಲ್ಲಿ ಕೇಳಕ್ಕೆ ಸಿಗ್ತದೆ? ಮೂಟೆ ಕೊಟ್ಟು ಬಂದ್ರೆ ಮುಗೀತು, ಅದು ಯಾರ ಮನೆ ಸೇರ್ತದೋ, ಊದ್ತಾರೋ ಇಲ್ವೋ. ಇಲ್ಲಿ ಕೂತ್ರೆ ಒಂದು ಸ್ವರನಾದ್ರೂ ಕಿವಿಗೆ ಬೀಳ್ತದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇನೆ. ಯಾಕೆ ಕೂರುತ್ತೀಯಪ್ಪಾ ಎಂದು ಒಬ್ಬರಾದರೂ ಕೇಳಿರಲಿಲ್ಲ.

ಅಂಗಡಿಯವರು ಒಳಗೆ ಹೋದರು. ಸ್ಟೂಲು ಎತ್ತಿಕೊಂಡು ಬಂದು ಜಗುಲಿಯ ಮೇಲಿಟ್ಟರು. "ಇನ್ಮ್ಯಾಲೆ ಇಲ್ಲೇ ಕೂತ್ಕೊಳ್ರಿ. ಯಾರದೂ ಬೆರಳು ಮುಟ್ಟಂಗಿಲ್ಲ, ತಿಳೀತಾ?" ಮೈದುನ ತಲೆಯಾಡಿಸಿ ಕೂತ.

ಟ್ರ್ಯಾಕ್ಟರಿನವನು ಮೂತಿ ಸೊಟ್ಟ ಮಾಡಿ, ನೆಟ್ಟಗೆ ಮಾಡಿ, ಮತ್ತೆ ಊದಿದ. ಗಾಳಿ. ಮತ್ತೆ ಗಾಳಿ. ಆಮೇಲೆ, ಎಲ್ಲಿಂದಲೋ, ಒಂದೇ ಒಂದು ಸ್ವರ ಹೊರಗೆ ಬಂತು. ಅವನಿಗೇ ಗಾಬರಿಯಾಗಿ ಕೊಳಲನ್ನು ತಿರುಗಿಸಿ ನೋಡಿದ. ನನ್ನ ಮೈದುನ ಕಣ್ಣು ಮುಚ್ಚಿದ್ದ.

ಆಗ ಸೊರಬದ ಬಸ್ಸು ಬಂದು ಎದುರಿಗೇ ನಿಧಾನಿಸಿತು. "ಬರ್ತೀರೇನ್ರೀ ಅಮ್ಮಾ?" ಎಂದು ಕಂಡಕ್ಟರು ಕೂಗಿದರು.

ಕೈಸನ್ನೆ ಮಾಡಿ ಬಸ್ಸನ್ನು ಕಳುಹಿಸಿದೆ. ಅಂದಿನ ನನ್ನ ಕಾವಲು ಅಲ್ಲಿಗೆ ಮುಗಿಯಿತು.