ಅಂಚು ಸೆರಗಿನ ಮೊಸಳೆ

ಮೊಸಳೆಯ ಚರ್ಮವನ್ನು ಒಗೆಯಬೇಡವೆಂದು ನನ್ನ ಹೆಂಡತಿ ಗುರುಲಿಂಗಮ್ಮನಿಗೆ ನಾನು ಮೂರು ಸಲ ಹೇಳಿದ್ದೆ. ನಮ್ಮ ಇಪ್ಪತ್ತೆಂಟು ವರ್ಷಗಳ ಸಂಸಾರದಲ್ಲಿ ನಾನು ಮೂರು ಸಲ ಹೇಳಿದ ಯಾವುದೂ ನಡೆದಿಲ್ಲ. (ಒಂದೇ ಸಲ ಹೇಳಿದ್ದೂ ನಡೆದಿಲ್ಲ, ಅದು ಬೇರೆ ಮಾತು.)

ಚರ್ಮವೆಂದರೆ ನೇಯ್ದ ಚರ್ಮ. ನೇಯ್ದವನು ನನ್ನ ಗೆಳೆಯ ಶಂಕರಯ್ಯ, ನಾರಾಯಣಪೇಟೆಯ ಸೀರೆ ನೇಕಾರ. ಅವನು ತೀರಿಕೊಂಡು ಒಂದು ವರ್ಷವಾಯಿತು.

ತೆಲಂಗಾಣ ರಾಜ್ಯ ಬಂದ ವರ್ಷದ ಬೇಸಿಗೆ. ರಾಯಚೂರಿನ ಟಾಕೀಸಿನ ಗೋಡೆಯ ಮೇಲೆ, ಪಟ್ಟಣವನ್ನೇ ತುಳಿಯುತ್ತಿರುವ ಇಂಗ್ಲಿಷ್ ಪ್ರಾಣಿಯೊಂದರ ಪೋಸ್ಟರನ್ನು ಅವನು ಕಂಡ.

"ಅದು ಬರೂದ್ರಾಗ ನಮ್ಮದೊಂದು ಸಿನಿಮಾ ಬಿಡೋಣು. ಪೋಸ್ಟರ್ ಹಂಗಽ ಇದ್ರ ಜನ ತಪ್ಪಿ ನಮ್ಮದಕ್ಕ ಬರ್ತಾರ."

"ಅಲ್ಲೋ, ಅದು ಮುಗಿಲಷ್ಟು ಐತಿ!"

"ನಮ್ಮದು ಕೃಷ್ಣಾ ಹೊಳಿ ಮೊಸಳಿ. ಕ್ಯಾಮೆರಾ ಹತ್ರ ಇಟ್ರ ಅದೂ ಮುಗಿಲಷ್ಟು ಆಗ್ತೈತಿ."

ಹೈದರಾಬಾದಿನಲ್ಲಿ ರಬ್ಬರಿನ ಚರ್ಮ ಸಿಗುತ್ತದೆ ಎಂದು ಯಾರೋ ಹೇಳಿದರು. ಶಂಕರಯ್ಯನಿಗೆ ಅವಮಾನವಾಯಿತು. "ಮನ್ಯಾಗ ಮಗ್ಗ ಇಟ್ಕೊಂಡು ತೊಗಲು ಕೊಂಡು ತರ್ಬೇಕಾ?" ಎಂದವನೇ ಮಗ್ಗದ ಗುಂಡಿಗೆ ಇಳಿದ. ಎಂಟು ದಿನಕ್ಕೆ ಹಸಿರು ಚೌಕಡಿಯ ಚರ್ಮ ಸಿದ್ಧವಾಯಿತು. ನೋಡುತ್ತೇನೆ: ಎರಡೂ ಬದಿಗೆ ಕುಂಕುಮ ಬಣ್ಣದ ಅಂಚು, ಬಾಲದ ತುದಿಗೆ ಒಂದು ಗಜ ಜರಿಯ ಸೆರಗು.

"ಶಂಕರಯ್ಯ, ಮೊಸಳಿಗೆ ಸೆರಗ್ಯಾಕೋ?"

ಅವನೂ ಆಗಲೇ ಮೊದಲ ಸಲ ನೋಡಿದವನಂತೆ ಸೆರಗನ್ನು ನೋಡಿದ. "ಕೈ ತಾನಽ ನೇಯ್ದುಬಿಡ್ತು. ಇರ್ಲಿ ಬಿಡು, ಬರೇ ಮೈಲೆ ಹೊರಗ ಕಳ್ಸಾಕ ಮನಸ್ಸು ಬರಂಗಿಲ್ಲ."

ಮೊಸಳೆಯ ಮುಂಭಾಗಕ್ಕೆ ನಾನು. (ಪುಸ್ತಕ ಓದುವವನಿಗೆ ಅಭಿನಯ ತಾನಾಗಿ ಬರುತ್ತದೆಂದು ಅವನ ನಂಬಿಕೆ.) ನನ್ನ ತಲೆಯ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಗೆ ಹಲ್ಲು. ಹಿಂಭಾಗಕ್ಕೆ ಶಂಕರಯ್ಯ. ನಿರ್ದೇಶಕನೂ ಅವನೇ. ಬಾಲದೊಳಗಿನಿಂದ "ಕಟ್!" ಎಂದು ಕೂಗಿದ ನಿರ್ದೇಶಕ ಚಿತ್ರರಂಗದ ಇತಿಹಾಸದಲ್ಲಿ ಬೇರೆ ಯಾರೂ ಇರಲಾರರು. ಅವನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹಾಗಾಗಿ ನಮ್ಮ ಮೊಸಳೆ ಎರಡು ಹೆಜ್ಜೆಗೊಮ್ಮೆ ಬಲಕ್ಕೆ ಬಾಲ ಬಳುಕಿಸುತ್ತಿತ್ತು. ಕ್ಯಾಮೆರಾ ಮದುವೆ ವಿಡಿಯೋದ ಸಾಯಿನಾಥನದು. ಮೊಸಳೆ ಮೊದಲ ಸಲ ಬಾಯಿ ತೆರೆದಾಗ ಪರದೆಯ ಮೇಲೆ ಗುಲಾಬಿ ಹೂವು ಸುರಿದದ್ದು ಅವನ ಅಭ್ಯಾಸಬಲದಿಂದ.

ಜೂನ್ ಎರಡರಂದು ಮಕ್ತಲಿನ ಕಲ್ಯಾಣ ಮಂಟಪದಲ್ಲಿ ಪ್ರದರ್ಶನ. ಮೊದಲು ಹೆದರಿ ಚೀರಿದವರಿಗೆ ತಾನೇ ನೇಯ್ದ ರೇಷ್ಮೆ ಸೀರೆ ಬಹುಮಾನವೆಂದು ಶಂಕರಯ್ಯ ಸಾರಿದ. ಪರದೆಯ ಮೇಲೆ ಹೆಸರು ಬರುವಷ್ಟರಲ್ಲೇ ನಲವತ್ತು ಹೆಂಗಸರು ಒಟ್ಟಿಗೆ ಚೀರಿದರು.

"ಅದು ಸೀರಿಗೆ ಚೀರಿದ್ದು, ಮೊಸಳಿಗಲ್ಲ. ನಡಿಯಂಗಿಲ್ಲ," ಎಂದು ಅವನು ತೀರ್ಪು ಕೊಟ್ಟ.

ಮೊಸಳೆ ನೀರಿನಿಂದ ಎದ್ದಿತು. ಮಂಟಪ ನಿಶ್ಶಬ್ದವಾಯಿತು. ಶಂಕರಯ್ಯ ನನ್ನ ಕೈ ಹಿಡಿದುಕೊಂಡ. ಆಗ ಮುಂದಿನ ಸಾಲಿನಿಂದ ಒಂದು ದನಿ: "ಅಂಚು ಭಾಳ ಛಲೋ ಬಂದೈತಲ್ಲ, ಯಾರ ಮಗ್ಗದ್ದು?"

ಕೊನೆಯ ದೃಶ್ಯದಲ್ಲಿ ಮಾತ್ರ ಎಲ್ಲರೂ ಹೋ ಎಂದು ಎದ್ದು ನಿಂತರು. ಅವನ ಕಣ್ಣಲ್ಲಿ ನೀರು. ಹೊರಗೆ ಹೋಗಿ ನೋಡಿದರೆ ಹೊಸ ರಾಜ್ಯದ ಪಟಾಕಿ.

"ರಾಜ್ಯ ಬಂತು, ಅಂಜಿಕಿ ಬರಲಿಲ್ಲ," ಎಂದು ಸೀರೆಯನ್ನು ಮಡಚಿ ಮನೆಗೆ ಒಯ್ದ. ಆಮೇಲೆ ಸಿಕ್ಕಾಗಲೆಲ್ಲ ಒಂದೇ ಮಾತು: "ಒಬ್ರು, ಖರೇನಽ ಒಬ್ರು ಅಂಜಿದ್ರ ಸಾಕಿತ್ತು ನೋಡು." ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಗ್ಗದ ಮುಂದೆ ಕುಳಿತವನು ಏಳಲಿಲ್ಲ. ಇದನ್ನು ಹೇಳಲು ನನಗೆ ಬೇರೆ ಮಾತು ಗೊತ್ತಿಲ್ಲ.

ಚರ್ಮವನ್ನು ಅವನ ಹೆಂಡತಿ ಬುಚ್ಚಮ್ಮ ನನಗೇ ಕೊಟ್ಟಿದ್ದಳು. ವರ್ಷದ ಕಾರ್ಯದ ದಿನ ಬಂತು. ನುಸಿಗುಳಿಗೆ ವಾಸನೆ ಸಹಿಸದೆ ಗುರುಲಿಂಗಮ್ಮ ಅದನ್ನು ಒಗೆದು ಹಿತ್ತಲ ಗೋಡೆಯ ಮೇಲೆ ಹರವಿದ್ದಳು. ನಾನು ಸ್ನಾನ ಮುಗಿಸಿ, ಟವಲು ಸುತ್ತಿಕೊಂಡು ಹೊರಗೆ ಬಂದೆ.

ಬಾಲ ಅಲ್ಲಾಡಿತು. ಒಂದು ಸಲ ಸುಮ್ಮನೆ, ಎರಡನೆಯ ಸಲ ಬಲಕ್ಕೆ.

ಮುಂಭಾಗದಲ್ಲಿ ನಾನಿಲ್ಲ, ಸರಿ. ಹಿಂಭಾಗದಲ್ಲಿ ಯಾರು?

ನಾನು ಚೀರಿದ್ದು ಆಚೆಯ ಊರು ನಾರ್ವದವರೆಗೂ ಕೇಳಿರಬೇಕು. ಓಣಿಯೆಲ್ಲ ಸೇರಿತು. ನನ್ನನ್ನು ಕಾರ್ಯಕ್ಕೆ ಕರೆಯಲು ಬಂದಿದ್ದ ಬುಚ್ಚಮ್ಮನೂ ಓಡಿ ಬಂದಳು. ಗುರುಲಿಂಗಮ್ಮ ಹೋಗಿ ಬಾಲ ಎತ್ತಿದಳು. ಕೆಳಗೆ ಪಕ್ಕದ ಮನೆಯ ಮೇಕೆ, ಬಾಯಲ್ಲಿ ಸೆರಗು.

"ತಿಂಗಳಾನಗಟ್ಲೆ ಅದರ ಹೊಟ್ಟ್ಯಾಗ ಇದ್ದ ಗಂಡಸು ನೀವು! ಮ್ಯಾಕಿಗೆ ಅಂಜಿದ್ರಾ?"

"ಮ್ಯಾಕಿಗಲ್ಲ. ಮೊಸಳಿಗೆ," ಎಂದೆ.

ಬುಚ್ಚಮ್ಮ ನನ್ನ ಮುಖವನ್ನೇ ನೋಡಿದಳು. ಮನೆಗೆ ಹೋಗಿ ಆ ರೇಷ್ಮೆ ಸೀರೆ ತಂದಳು. ಗುರುಲಿಂಗಮ್ಮ ಆಗಲೇ ಕೈ ಚಾಚಿದ್ದಳು.

"ನಿಂಗಲ್ಲಕ್ಕಾ, ಅಣ್ಣಗ. ಖರೇ ಅಂಜಿದವ್ರಿಗೆ ಕೊಡು ಅಂತ ಹೇಳಿ ಹೋಗ್ಯಾರ."

ಓಣಿಯ ಎದುರಿಗೆ, ಟವಲಿನ ಮೇಲೆ, ನನಗೆ ಸೀರೆ ಹೊದಿಸಿದಳು. ಅಂಚನ್ನು ಮುಟ್ಟಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಆ ವರ್ಷವೆಲ್ಲ ಬಾರದ ಅಳು ನನಗೆ ಆಗ ಬಂತು.

"ಸುಮ್ನಿರ್ರೀ," ಎಂದು ಗುರುಲಿಂಗಮ್ಮ ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. "ನೀರು ಬಿದ್ರ ರೇಷ್ಮಿಗೆ ಕಲಿ ಆಗ್ತಾವು." ಸೀರೆಯನ್ನು ನನ್ನ ಹೆಗಲಿನಿಂದ ಎಳೆದುಕೊಂಡು ಒಳಗೆ ಹೋದಳು. ಕಾರ್ಯದ ಊಟಕ್ಕೆ ಅದನ್ನೇ ಉಟ್ಟುಕೊಂಡು ಬಂದಳು.